ನಿಮ್ಮ ಪಾಲಿನ ಬಿಯರು

ನ್ಯೂಮಾರ್ಕೆಟ್
ಮೇ 14, 2017

ಜಿತೇಶನ ಅಪ್ಪನಿಗೆ,

ತಲುಪಿದೆ. ಫೋನಿನಲ್ಲಿ ಇದನ್ನೇ ನಾಲ್ಕು ಸಲ ಕೂಗಿ ಹೇಳಿದೆ, ನೀವು ನಾಲ್ಕು ಸಲವೂ "ಎಂತ? ಎಂತ?" ಎಂದಿರಿ. ಕೊನೆಗೆ ಕಲಾವತಿ ಅತ್ತಿಗೆ ಫೋನು ಕಿತ್ತುಕೊಂಡು, "ತಲುಪಿದಳಂತೆ ಮಾರಾಯ" ಎಂದು ನಿಮ್ಮ ಕಿವಿಗೆ ಕಿರುಚಿದ್ದು ನನಗೆ ಇಲ್ಲಿಗೆ ಕೇಳಿತು. ಕಿವಿಯ ಮಿಷನು ತಂದುಕೊಟ್ಟರೆ ಕಪಾಟಿನೊಳಗೆ ಇಡುತ್ತೀರಿ. ಹಾಗಾಗಿ ಕಾಗದವೇ ಸರಿ. ನೀವು ಹಡಗಿನಲ್ಲಿದ್ದಾಗ ನಾವು ಸಂಸಾರ ಮಾಡಿದ್ದೂ ಕಾಗದದಲ್ಲೇ ಅಲ್ಲವೆ. ಆಗ ನೀವು ದೂರ ಇರುತ್ತಿದ್ದಿರಿ, ಈಗ ನಾನು. ಅಷ್ಟೇ ವ್ಯತ್ಯಾಸ.

ಈ ಕೆನಡಾದಲ್ಲಿ ಮೇ ತಿಂಗಳಲ್ಲೂ ಸ್ವೆಟರು ಬೇಕು. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಮನೆಗಳಲ್ಲಿ ಇವರದೂ ಒಂದು. ಕೆಳಗೆ ಬೇಸ್‌ಮೆಂಟು, ಅದರಲ್ಲಿ ಜಿತೇಶನ ಸಾಮಾನು, ಪೈಪು, ಸ್ಪಾನರು. ಬೆಳಿಗ್ಗೆ ಬೇಗ ವ್ಯಾನು ತೆಗೆದುಕೊಂಡು ಹೊರಟರೆ ಸಂಜೆಯ ಊಟಕ್ಕೆ ಸರಿಯಾಗಿ ಬರುತ್ತಾನೆ. ಸ್ಪಂದನಾಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಒಂದು ವಾರ ಬೆಳಗಿನ ಶಿಫ್ಟು, ಒಂದು ವಾರ ಮಧ್ಯಾಹ್ನದ್ದು. ಸೊಸೆ ಒಳ್ಳೆಯವಳು, ಮಾತು ಜಾಸ್ತಿ. ತುಮಕೂರಿನವಳಲ್ಲವೆ, ಅವಳಿಗೆ ತುಳು ಬಾರದು, ಹಾಗಾಗಿ ಮನೆಯಲ್ಲಿ ಎಲ್ಲರದೂ ಕನ್ನಡ. ಮೀನು ಸಿಗುತ್ತದೆ. ಬಂಗುಡೆ ಮಂಜುಗಡ್ಡೆಯಾಗಿ ಕಲ್ಲಿನ ಹಾಗಿರುತ್ತದೆ, ಸಿಂಕಿಗೆ ಹಾಕಿದರೆ ಟಣ್ ಎನ್ನುತ್ತದೆ.

ಜಿತೇಶ ನಿಮ್ಮನ್ನು ಕೇಳಿದ. "ಅಪ್ಪ ಹುಷಾರಿದ್ದಾರಾ" ಎಂದ. ಹೌದು ಎಂದೆ. ಅಲ್ಲಿಗೆ ಮುಗಿಯಿತು. ಆರು ವರ್ಷದ ಹಿಂದೆ ಅವನು ಹಡಗಿನ ಟ್ರೈನಿಂಗು ಬಿಟ್ಟು ಬಂದ ದಿನ ನಿಮ್ಮಿಬ್ಬರ ನಡುವೆ ನಿಂತ ಮಾತು ನಾನು ಒಂದು ವಿಮಾನ ಹತ್ತಿ ಬಂದ ಮಾತ್ರಕ್ಕೆ ಶುರುವಾಗುತ್ತದೆ ಎಂದು ನಾನೂ ತಿಳಿದಿರಲಿಲ್ಲ. ನಿಮಗೆ ಮೊಣಕಾಲು ನೋವು, ಅದಕ್ಕೆ ಬರಲಿಲ್ಲ ಎಂದು ಸ್ಪಂದನಾಳಿಗೆ ಹೇಳಿದ್ದೇನೆ. ಅವಳು ನಂಬಿದ ಹಾಗೆ ಮಾಡಿದಳು.

ಮಂಗಳೂರಿನ ಏರ್‌ಪೋರ್ಟಿನಲ್ಲಿ ಎಲ್ಲರ ಮುಂದೆ ನೀವು, "ಆ ಊರಿನ ಬಿಯರು ಯಾವುದು ನೋಡು, ಕುಡಿದು ರುಚಿ ಬರಿ" ಎಂದಿರಲ್ಲ, ಅದು ತಮಾಷೆಯೋ ನಿಜವೋ? ಅತ್ತಿಗೆ ಹಣೆ ಹಣೆ ಚಚ್ಚಿಕೊಂಡರು. ಈ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ನಾನು ಹೇಗೆ ಕೇಳಲಿ?

ರಾತ್ರಿಯ ಮಾತ್ರೆ ಎರಡು, ನೆನಪಿರಲಿ.

ಲೋಲಾಕ್ಷಿ


ಮಲ್ಪೆ
ಜೂನ್ 2, 2017

ಲೋಲಾಕ್ಷಿ,

ತಮಾಷೆಯಲ್ಲ.

ಮೂವತ್ತು ವರ್ಷ ಹಡಗಿನಲ್ಲಿ ಫಿಟ್ಟರಾಗಿ ದುಡಿದವನು ಹೇಳುತ್ತೇನೆ, ಕೇಳು. ಬಂದರಿಗೆ ಬಂದರೆ ನಮಗೆ ಸಿಗುತ್ತಿದ್ದದ್ದು ಒಂದು ಸಂಜೆ. ಒಂದು ಸಂಜೆಯಲ್ಲಿ ಊರು ನೋಡುವುದು ಹೇಗೆ? ಚರ್ಚು, ಮ್ಯೂಸಿಯಮ್ಮು ಎಲ್ಲ ಬಾಗಿಲು ಹಾಕಿರುತ್ತವೆ. ಈ ಊರಿನಲ್ಲೇ ಮಾಡಿದ ಬಿಯರು ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಸಾಕು, ಆ ಊರಿನವರು ಕೂತು ಮಾತಾಡುವ ಜಾಗಕ್ಕೇ ನಮ್ಮನ್ನು ಕಳಿಸುತ್ತಾರೆ. ಆಂಟ್‌ವರ್ಪಿನಲ್ಲಿ ಒಬ್ಬ ಮುದುಕಿ ನನ್ನನ್ನು ಒಳಗೆ ಕರೆದು ಗ್ಲಾಸು ತೊಳೆಯುವ ಕ್ರಮ ಕಲಿಸಿದಳು. ಬ್ರೆಮೆನ್ನಿನಲ್ಲಿ ಒಂದು ಮದುವೆಯ ದಿಬ್ಬಣವೇ ಬಂದು ನಮ್ಮ ಮೇಜಿನಲ್ಲಿ ಕೂತಿತು. ಕೆನಡಾದ ಕಡೆಗೆ ಮಾತ್ರ ನನ್ನ ಹಡಗು ಹೋಗಲೇ ಇಲ್ಲ. ಈಗ ನೀನು ಹೋಗಿದ್ದಿ. ಎದೆಗೆ ಸ್ಟೆಂಟು ಹಾಕಿದ ಡಾಕ್ಟರು ನನಗೆ ಬಿಯರು ಬೇಡ ಎಂದಿದ್ದಾರೆ, ನಿನಗೆ ಹೇಳಿಲ್ಲ.

ದೊಡ್ಡ ಕಂಪೆನಿಯದ್ದು ಕುಡಿಯಬೇಡ, ಅದು ಎಲ್ಲ ಕಡೆ ಒಂದೇ. ಆ ಊರಿನಲ್ಲೇ ಮಾಡಿದ್ದು ಬೇಕು. ತುಂಬ ತಣ್ಣಗಿದ್ದರೆ ಸ್ವಲ್ಪ ಹೊತ್ತು ಬಿಡು, ತಣ್ಣಗಿದ್ದರೆ ನಾಲಿಗೆಗೆ ರುಚಿ ಗೊತ್ತಾಗುವುದಿಲ್ಲ. ಮೊದಲು ಮೂಸು. ಆಮೇಲೆ ದೊಡ್ಡ ಗುಟುಕು, ಹಕ್ಕಿಯ ಹಾಗೆ ಕೊಕ್ಕು ಅದ್ದಬೇಡ. ನಿನ್ನ ಅಪ್ಪ ತಾಳೆಮರ ಹತ್ತಿ ಕಳ್ಳು ಇಳಿಸಿದವರು. ನಿನ್ನ ನಾಲಿಗೆಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಹೇಳುತ್ತಿದ್ದೇನೆ.

ನಾನು ಆರಾಮ. ಕಲಾವತಿ ಅಕ್ಕ ಎರಡು ಹೊತ್ತೂ ಬಂದು ಉಪ್ಪಿಲ್ಲದ ಅಡುಗೆ ಮಾಡುತ್ತಾಳೆ. ಬೆಳಿಗ್ಗೆ ಬಂದರಿನಲ್ಲಿ ಬೋಟು ಕಟ್ಟುವ ದಕ್ಕೆಗೆ ಹೋಗಿ ಬೋಟಿನ ಇಂಜಿನು ರಿಪೇರಿ ಮಾಡುವವರಿಗೆ ಬುದ್ಧಿ ಹೇಳುತ್ತೇನೆ. ಕೊಪ್ಪಳದ ಭೀಮಣ್ಣ ಒಬ್ಬ ಕೇಳುತ್ತಾನೆ, ಉಳಿದವರು ಚಾ ಕುಡಿಸಿ ಕಳಿಸುತ್ತಾರೆ.

ಅಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆಂದು ತಿಳಿಯುತ್ತೇನೆ.

ಕಾಂತಪ್ಪ


ನ್ಯೂಮಾರ್ಕೆಟ್
ಜೂನ್ 25, 2017

ಜಿತೇಶನ ಅಪ್ಪನಿಗೆ,

ಕುಡಿದೆ. ಮೊದಲು ಅದನ್ನೇ ಬರೆಯುತ್ತೇನೆ, ಇಲ್ಲದಿದ್ದರೆ ನೀವು ನಡುವಿನ ಪುಟಗಳನ್ನು ಬಿಟ್ಟು ಹುಡುಕುತ್ತೀರಿ.

ಮಗನನ್ನು ಕೇಳಲು ಬಾಯಿ ಬರಲಿಲ್ಲ. ಸೊಸೆ ಒಗೆದ ಬಟ್ಟೆ ಮಡಿಸುತ್ತಿದ್ದಳು, ಅವಳ ಹತ್ತಿರ ಹೋಗಿ, "ಸ್ಪಂದನಾ, ಈ ಊರಿನ ಬಿಯರು ಯಾವುದು?" ಎಂದೆ.

"ಯಾರಿಗೆ ಅತ್ತೆ?"

"ನನಗೆ."

ಅವಳು ಮಡಿಸಿದ ಬಟ್ಟೆಯ ಮೇಲೇ ಕೂತುಬಿಟ್ಟಳು. "ಆರ್ ಯೂ ಶೂರ್ ಅತ್ತೆ? ನೀವು ಬಿಯರ್ ಕುಡೀತೀರಾ?"

"ಕುಡಿಯುವುದು ನಿನ್ನ ಮಾವ. ಬಾಯಿ ಮಾತ್ರ ನನ್ನದು" ಎಂದು ನಿಮ್ಮ ಕಾಗದ ಓದಿ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ, "ಇದನ್ನ ಜಿತೇಶ್‌ಗೇ ಕೇಳಿ ಅತ್ತೆ. ಈ ಸೈಡಿನ ಅಷ್ಟೂ ಬ್ರೂವರಿ ಅವನಿಗೆ ಗೊತ್ತು" ಎಂದಳು.

ಕುಡಿಯುವುದಿಲ್ಲ ಎಂದವನಿಗೆ ಅಷ್ಟೂ ಹೇಗೆ ಗೊತ್ತು? ವಿಷಯ ಬೇರೆ. ಬಿಯರು ಮಾಡುವ ದೊಡ್ಡ ದೊಡ್ಡ ಸ್ಟೀಲಿನ ಟ್ಯಾಂಕುಗಳಿರುತ್ತವಂತೆ. ಅವು ಸದಾ ತಣ್ಣಗಿರಬೇಕು, ಸ್ವಲ್ಪ ಬಿಸಿಯಾದರೂ ಒಳಗಿರುವುದೆಲ್ಲ ಹಾಳು. ಆ ತಣ್ಣಗೆ ಮಾಡುವ ಮಿಷನುಗಳನ್ನು ನೋಡಿಕೊಳ್ಳುವುದೇ ನಮ್ಮ ಹುಡುಗನ ಕೆಲಸ. ನಾನು ಇಷ್ಟು ವರ್ಷ ನಿಮಗೂ ಊರಿನವರಿಗೂ ಏಸಿ ರಿಪೇರಿ ಎಂದು ಹೇಳುತ್ತಾ ಬಂದಿದ್ದೆ.

ಸಂಜೆ ಅನ್ನ ಬಡಿಸುವಾಗ ಅವನಿಗೆ ಹೇಳಿದೆ. ತುತ್ತು ಕೈಯಲ್ಲೇ ನಿಂತಿತು.

"ಅಪ್ಪ ಹೇಳಿದ್ದಾ?"

"ಹೌದು."

ಊಟ ಮುಗಿಸಿ ಕೈ ತೊಳೆದು ಬಂದವನು, "ಶನಿವಾರ ಒಂದು ಕಡೆ ಸರ್ವಿಸಿಗೆ ಹೋಗ್ಲಿಕ್ಕುಂಟು. ಬರುದಾದ್ರೆ ಬಾ" ಎಂದ.

ಹೋದೆ. ಬಾರಿನ ಹಾಗಿರುತ್ತದೆ ಎಂದುಕೊಂಡಿದ್ದೆ. ಟಯರು ಅಂಗಡಿಯ ಹಿಂದೆ ಒಂದು ಶೆಡ್ಡು, ಮೇಲಕ್ಕೆ ಎತ್ತುವ ಬಾಗಿಲು. ಒಳಗೆ ಅರ್ಧ ಭಾಗ ಟ್ಯಾಂಕುಗಳು, ನಮ್ಮ ಹಾಲಿನ ಡೇರಿಯ ಹಾಗೆ. ಇನ್ನರ್ಧದಲ್ಲಿ ಮರದ ಬೆಂಚು, ಬೆಂಚಿನಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಬಂದ ಸಂಸಾರಗಳು, ಒಂದು ನಾಯಿ. ಯಾರೂ ತೂರಾಡುತ್ತಿರಲಿಲ್ಲ. ಯಜಮಾನಿತಿ ಹೀದರ್ ಎಂದು, ನನ್ನದೇ ಪ್ರಾಯ, ಕಾಲಿಗೆ ಗಂಬೂಟು. ಜಿತೇಶನ ಅಮ್ಮ ಎಂದದ್ದೇ ನನ್ನನ್ನು ತಬ್ಬಿಕೊಂಡು ಏನೋ ಹೇಳಿದಳು. "ಎಂತ ಹೇಳಿದಳು?" ಎಂದು ಕೇಳಿದರೆ ಇವನಿಗೆ ನಾಚಿಕೆ. ಎರಡು ಸಲ ಕೇಳಿದ ಮೇಲೆ, "ನಾನಿಲ್ಲದಿದ್ರೆ ಅವಳ ಬಿಯರು ಹಾಳಾಗ್ತಿತ್ತಂತೆ" ಎಂದ.

ಒಂದು ಹಲಗೆಯಲ್ಲಿ ನಾಲ್ಕು ಪುಟ್ಟ ಗ್ಲಾಸು ಬಂತು. ಈಗ ಸರಿಯಾಗಿ ಓದಿ.

ಮೊದಲನೆಯದು ಬಂಗಾರದ ಬಣ್ಣ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಯಾರೋ ಸೋಡ ಬೆರೆಸಿದ ಹಾಗೆ. ತಪ್ಪೇನಿಲ್ಲ, ನೆನಪೂ ಉಳಿಯಲಿಲ್ಲ. ಎರಡನೆಯದಕ್ಕೆ ಮೂಗು ಹಾಕಿದರೆ ಚಕ್ಕೋತದ ಸಿಪ್ಪೆಯ ಪರಿಮಳ, ಖುಷಿಯಾಗಿ ದೊಡ್ಡ ಗುಟುಕು ಎಳೆದೆ, ಹಾಗಲಕಾಯಿ. ಮುಖ ಹೇಗಾಯಿತೋ, ಪಕ್ಕದ ಬೆಂಚಿನ ಮಗು ನಕ್ಕಿತು. ಮೂರನೆಯದು ಕಪ್ಪು, ಕಾಫಿ ಬೀಜ ಹುರಿದ ಬಾಣಲೆಗೆ ನೀರು ಹಾಕಿದ ಹಾಗೆ, ಆದರೆ ನುಂಗಿದ ಮೇಲೆ ಬೆಲ್ಲದ ಅಂಚು. ಇದು ನಿಮಗೆ ಹಿಡಿಸುತ್ತದೆ. ನಾಲ್ಕನೆಯದು ಹುಳಿ. ಒಂದು ಗುಟುಕಿಗೆ ನಾನು ಗ್ಲಾಸು ಕೆಳಗಿಟ್ಟೆ. ಸಂಜೆ ಇಳಿಸಿದ ಕಳ್ಳಿನ ಹುಳಿ ಅದು. ನನ್ನ ಅಪ್ಪ ಸೊಂಟದ ಕತ್ತಿ ಬಿಚ್ಚಿಟ್ಟು ಜಗಲಿಯಲ್ಲಿ ಕೂರುತ್ತಿದ್ದರಲ್ಲ, ಆಗ ಅವರ ಹತ್ತಿರ ಹೋದರೆ ಬರುತ್ತಿದ್ದ ವಾಸನೆ. ಟಯರು ಅಂಗಡಿಯ ಹಿಂದೆ, ಈ ಚಳಿಯ ಊರಿನಲ್ಲಿ. ಅದನ್ನು ಪೂರ್ತಿ ಕುಡಿದೆ.

ಜಿತೇಶ ನೀರು ಕುಡಿದ. ಹೀದರ್ ಅವನಿಗೆ ಬಿಯರು ಕೇಳುವುದನ್ನೇ ಬಿಟ್ಟಿದ್ದಾಳಂತೆ.

ಇನ್ನೊಂದು ವಿಷಯ. ನನ್ನ ಜೊತೆ ಮಾತಾಡುತ್ತಿದ್ದವನು ನಡುವೆ ನಿಲ್ಲಿಸಿ ತಲೆ ಓರೆ ಮಾಡಿದ. ಆ ಗಲಾಟೆಯಲ್ಲಿ ಯಾರಿಗೂ ಕೇಳದ್ದು ಇವನಿಗೇನೋ ಕೇಳಿತು. ಎದ್ದು ಒಳಗೆ ಹೋದ, ನಾನೂ ಗ್ಲಾಸು ಹಿಡಿದುಕೊಂಡೇ ಹೋದೆ. ಒಂದು ಪಂಪು ಗಬ್ಬದ ಎಮ್ಮೆಯ ಹಾಗೆ ನರಳುತ್ತಿತ್ತು. ಇವನು ಕಿಸೆಯಿಂದ ಸ್ಕ್ರೂಡ್ರೈವರು ತೆಗೆದು, ತುದಿಯನ್ನು ಪಂಪಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ತುಟಿ ಒಂದು ಬದಿಗೆ ಎಳೆದುಕೊಂಡಿತ್ತು.

ನಾನು ಆ ಮುಖವನ್ನು ನೋಡಿದ್ದೇನೆ. ನಮ್ಮ ಗ್ರೈಂಡರು ಕೆಟ್ಟಾಗಲೆಲ್ಲ ಅಡುಗೆಮನೆಯಲ್ಲಿ ನೋಡಿದ್ದೇನೆ. ಇದನ್ನು ಅವನಿಗೆ ನೀವು ಕಲಿಸಿದ್ದಿರಾ? ನನಗೆ ನೆನಪಿಲ್ಲ.

ಲೋಲಾಕ್ಷಿ


ಮಲ್ಪೆ
ಜುಲೈ 16, 2017

ಲೋಲಾಕ್ಷಿ,

ಶಹಬ್ಬಾಸ್. ನಿನ್ನ ಕಾಗದವನ್ನು ಅಕ್ಕನಿಗೆ ಓದಿದೆ, ದಕ್ಕೆಯಲ್ಲಿ ಭೀಮಣ್ಣನಿಗೆ ಎರಡು ಸಲ ಓದಿದೆ. "ನಿಮ್ಮ ಮನಿಯವ್ರು ಬರದದ್ದು ಕೇಳಿದ್ರ ಬಾಯಾಗ ನೀರ್ ಬರ್ತಾವ್ರೀ" ಎಂದ. ಅಕ್ಕ ಎರಡು ದಿನದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಸೊಸೆಯ ಮನೆಗೆ ಹೋದವಳಿಗೆ ನಾಲ್ಕು ಗ್ಲಾಸು ಕುಡಿಸಿದ್ದು ನಾನಂತೆ.

ಎರಡನೆಯದರ ಕಹಿ ಹಾಪ್ಸ್ ಎಂಬ ಹೂವಿನದ್ದು. ಅದನ್ನು ಬೇಡ ಎನ್ನಬೇಡ, ಮೂರನೆಯ ಸಲಕ್ಕೆ ಹಿಡಿಸುತ್ತದೆ. ಕಪ್ಪು ಬಿಯರನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಬೇಕಿತ್ತು, ಆಗ ಬೆಲ್ಲ ಇನ್ನೂ ಮುಂದೆ ಬರುತ್ತದೆ. ಹುಳಿಯ ವಿಷಯ ನೀನು ಬರೆದ ಮೇಲೆ ನಾನು ಹೇಳುವುದಿಲ್ಲ. ಅದು ನಿನ್ನ ಮನೆಯದು. ಇನ್ನು ಹತ್ತಿರದ ಬೇರೆ ಊರುಗಳಲ್ಲೂ ನೋಡು. ಒಂದು ಊರಿನ ನೀರು ಇನ್ನೊಂದಕ್ಕಿಲ್ಲ.

ಸ್ಕ್ರೂಡ್ರೈವರಿನ ವಿಷಯ. ನಾನು ಕಲಿಸಿಲ್ಲ. ಅವನು ಯಾವಾಗ ನೋಡಿದನೋ. ಯಾವ ಕಿವಿಗೆ ಇಟ್ಟ? ಆ ಮಿಷನಿನ ಕೋಣೆಯಲ್ಲಿ ದಿನವಿಡೀ ಕೆಲಸ ಮಾಡುವುದಾದರೆ ಕಿವಿ ಮುಚ್ಚಿಕೊಳ್ಳುತ್ತಾನೋ ಇಲ್ಲವೋ? ಮುಚ್ಚಿಕೊಳ್ಳಲು ಹೇಳು. ಹತ್ತಿ ಸಾಲದು, ದಪ್ಪದ್ದು ಬೇಕು. ನಮಗೆ ಆಗ ಯಾರೂ ಹೇಳಲಿಲ್ಲ.

ನಾನು ಹೇಳಿದೆ ಎನ್ನಬೇಡ.

ಕಾಂತಪ್ಪ


ನ್ಯೂಮಾರ್ಕೆಟ್
ಆಗಸ್ಟ್ 6, 2017

ಜಿತೇಶನ ಅಪ್ಪನಿಗೆ,

ಎಡಗಿವಿ. ಹೆಲ್ಮೆಟಿನ ಹಾಗಿರುವ ಕಿವಿಮುಚ್ಚು ಉಂಟು, ಹಾಕಿಕೊಳ್ಳುತ್ತಾನೆ. ಕೇಳಬೇಕಾದಾಗ ಮಾತ್ರ ತೆಗೆಯುತ್ತಾನೆ. ನೀವು ಹೇಳಿದ್ದೆಂದು ಹೇಳಿದೆ. ಬೇಡ ಎಂದದ್ದನ್ನೂ ಹೇಳಿದೆ.

ಮೊದಲು ನಗುವ ವಿಷಯ. ಥಾರ್ನ್‌ಹಿಲ್ಲಿನಲ್ಲಿ ಕನ್ನಡದವರದ್ದು ಪಿಕ್ನಿಕ್ ಇತ್ತು. ಹೆಂಗಸರೆಲ್ಲ ಚಾಪೆಯ ಮೇಲೆ ಕೂತು, ಇಲ್ಲಿ ಏನೇನು ನೋಡಿದಿರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಒಬ್ಬರು ಜಲಪಾತ ಎಂದರು, ಒಬ್ಬರು ದೇವಸ್ಥಾನ ಎಂದರು. ನನ್ನ ಸರದಿ ಬಂದಾಗ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಒಬ್ಬರು ಚಿತ್ರಾನ್ನದ ಡಬ್ಬಿಯನ್ನು ನನ್ನ ಹತ್ತಿರದಿಂದ ಆಚೆ ಸರಿಸಿದರು. ಸ್ಪಂದನಾ ಮುಖ ತಿರುಗಿಸಿ ನಗುತ್ತಿದ್ದಳು. ಆಮೇಲೆ ನಾನು ಕೈ ತೊಳೆಯಲು ಹೋದಾಗ ದಾವಣಗೆರೆಯ ದ್ರಾಕ್ಷಾಯಿಣಿ ಎನ್ನುವವರು, ದೊಡ್ಡ ಕುಂಕುಮ, ನನ್ನ ಹಿಂದೆಯೇ ಬಂದು ನಲ್ಲಿಯ ಹತ್ತಿರ ಪಿಸುಗುಟ್ಟಿದರು: "ಆ ಕಪ್ಪಂದು ಅಂದ್ರಲ್ರೀ, ಬೆಲ್ಲದ್ದು. ನನ್ನೂ ಒಂದ್ಸಲ ಕರ್ಕಂಡ್ ಹೋಗ್ರಿ. ನಮ್ಮನೆಯೋರ್ಗೆ ಹೇಳ್ಬ್ಯಾಡ್ರಿ." ಹೋದ ಭಾನುವಾರ ಕರೆದುಕೊಂಡು ಹೋದೆವು. ಅವರಿಗೆ ಕಪ್ಪು ಹಿಡಿಸಲಿಲ್ಲ, ಹಾಗಲಕಾಯಿಯದ್ದು ಹಿಡಿಸಿತು. ಎರಡು ಗ್ಲಾಸು ಕುಡಿದು, ನಾಲ್ವತ್ತು ವರ್ಷದಿಂದ ಗಂಡ ಮನೆಯಲ್ಲಿ ಆಡಿದ ಜಗಳವನ್ನೆಲ್ಲ ತಾಳಮದ್ದಳೆಯ ಹಾಗೆ ನಮಗೆ ಅಭಿನಯಿಸಿ ತೋರಿಸಿದರು.

ಇನ್ನು ಅರೋರಾದ ಬಿಯರು. ಯಂಗ್ ಸ್ಟ್ರೀಟಿನಲ್ಲಿ ದಕ್ಷಿಣಕ್ಕೆ ಹೋದರೆ ಮುಂದಿನ ಊರೇ ಅದು. ಅಲ್ಲಿ ಗೋಧಿಯದ್ದು ಒಂದು ಸಿಕ್ಕಿತು, ಮಸುಕು ಬಣ್ಣ. ಬಾಳೆಹಣ್ಣು ಮತ್ತು ಲವಂಗ ಒಟ್ಟಿಗೆ ಬಾಯಿಗೆ ಬಂದ ಹಾಗೆ. ಬನ್ಸಿನ ಹಿಟ್ಟು ರಾತ್ರಿ ಕಲಸಿಟ್ಟು ಬೆಳಿಗ್ಗೆ ಮುಚ್ಚಳ ತೆಗೆದರೆ ಬರುವ ವಾಸನೆ ನೆನೆಸಿಕೊಳ್ಳಿ. ಅದನ್ನು ಕುಡಿಯಲು ಕೊಟ್ಟರು.

ಅರೋರಾಕ್ಕೆ ಹೋಗುವಾಗ ವ್ಯಾನಿನಲ್ಲಿ ನಾವಿಬ್ಬರೇ. ಸ್ಪಂದನಾಳಿಗೆ ಶಿಫ್ಟಿತ್ತು. ಕಿವಿಮುಚ್ಚಿನ ಮಾತು ಹೇಳಿದ್ದು ಆಗಲೇ. ಸಿಗ್ನಲ್ಲಿನಲ್ಲಿ ನಿಂತಾಗ ರಸ್ತೆ ನೋಡುತ್ತಲೇ ಹೇಳಿದ: "ಅಪ್ಪನಿಗೆ ಯಾವ ಬಂದರಿನಲ್ಲಿ ಯಾವ ಬಿಯರು ಅಂತ ಗೊತ್ತಿತ್ತು. ನಾನು ಯಾವ ಕ್ಲಾಸು ಅಂತ ಗೊತ್ತಿರ್ಲಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದ. ನೀವು ಊರಿಗೆ ಬಂದಾಗ ಮನೆ ತುಂಬ ನಿಮ್ಮ ಗೆಳೆಯರಿರುತ್ತಿದ್ದರು, ಜಗಲಿಯಲ್ಲಿ ನಗು, ಕತೆ. ಅವನು ಒಳಗೆ ಬಾಗಿಲ ಹತ್ತಿರ ಕೂತು ಪುಸ್ತಕ ಹಿಡಿದುಕೊಂಡಿರುತ್ತಿದ್ದ. ಓದುತ್ತಿದ್ದಾನೆ ಎಂದು ನಾನು ತಿಳಿದಿದ್ದೆ.

ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ನೀವು ರುಚಿ ಬರಿ ಎಂದಿರಿ, ಎಲ್ಲ ಬರೆದಿದ್ದೇನೆ.

ಲೋಲಾಕ್ಷಿ


ನ್ಯೂಮಾರ್ಕೆಟ್
ಸೆಪ್ಟೆಂಬರ್ 10, 2017

ಜಿತೇಶನ ಅಪ್ಪನಿಗೆ,

ನಿಮ್ಮ ಕಾಗದವಿಲ್ಲ. ಅತ್ತಿಗೆಗೆ ಫೋನು ಮಾಡಿದರೆ, ಊಟ ಮಾಡುತ್ತಾನೆ, ದಕ್ಕೆಗೆ ಹೋಗುವುದಿಲ್ಲ, ಮೇಜಿನ ಹತ್ತಿರ ಕೂತು ಏನೋ ಬರೆದು ಹರಿದು ಹಾಕುತ್ತಾನೆ, ಗುಡಿಸಿ ಗುಡಿಸಿ ಸಾಕಾಯಿತು ಎಂದರು. ಸಿಟ್ಟು ನನ್ನ ಮೇಲೋ, ಅವನ ಮೇಲೋ? ಯಾರ ಮೇಲಾದರೂ ಸರಿ, ಎರಡು ಗೆರೆ ಬರೆಯಿರಿ.

ಈ ವಾರ ಯಾವ ಬಿಯರೂ ಕುಡಿದಿಲ್ಲ. ಹೀದರ್ ಕರೆದಳು, ಮನಸ್ಸಾಗಲಿಲ್ಲ. ಮರಗಳ ಎಲೆ ಕೆಂಪಾಗಲು ಶುರುವಾಗಿದೆ. ನವೆಂಬರಿನಲ್ಲಿ ನಾನು ಬರುತ್ತೇನೆ.

ಮಾತ್ರೆ ಬಿಡಬೇಡಿ.

ಲೋಲಾಕ್ಷಿ


ಮಲ್ಪೆ
ಸೆಪ್ಟೆಂಬರ್ 12, 2017

ಜಿತೇಶನಿಗೆ,

ಈ ಕಾಗದವನ್ನು ಅಮ್ಮನ ಹತ್ತಿರ ಓದಿಸಬೇಡ. ನಿನಗೆ ಕನ್ನಡ ಬರುತ್ತದೆ, ನೀನೇ ಓದು.

ನೀನು ಯಾವ ಕ್ಲಾಸೆಂದು ಅಪ್ಪನಿಗೆ ಗೊತ್ತಿರಲಿಲ್ಲ ಎಂದೆಯಂತೆ. ಅದು ಸುಳ್ಳು. ನೀನು ಒಂದನೆಯ ಕ್ಲಾಸಿಗೆ ಸೇರಿದಾಗ ನಾನು ಗೋಧಿ ಸಾಗಿಸುವ ಹಡಗಿನಲ್ಲಿದ್ದೆ. ಮೂರನೆಯದರಲ್ಲಿ ನಿನಗೆ ಸೀತಾಳೆ ಸಿಡುಬು ಬಂತು, ನಾನು ಸ್ಯಾಂಟೋಸ್ ಬಂದರಿನಲ್ಲಿದ್ದೆ, ಸುದ್ದಿ ಬರುವಷ್ಟರಲ್ಲಿ ನೀನು ವಾಸಿಯಾಗಿ ಶಾಲೆಗೆ ಹೋಗಿಯಾಗಿತ್ತು. ಆರರಲ್ಲಿ ಕೈ ಮುರಿದುಕೊಂಡೆ. ಎಂಟರಲ್ಲಿ ಲೆಕ್ಕದಲ್ಲಿ ಶಾಲೆಗೇ ಮೊದಲಿಗ, ಆಗ ನಾನು ಹ್ಯಾಂಬರ್ಗಿನಲ್ಲಿ ಎಲ್ಲರಿಗೂ ಹೇಳಿದೆ, ಯಾರಿಗೂ ಭಾಷೆ ತಿಳಿಯಲಿಲ್ಲ. ಎಲ್ಲ ಗೊತ್ತಿತ್ತು. ಮನೆಗೆ ಬಂದಾಗ ನಿನ್ನ ಹತ್ತಿರ ಏನು ಮಾತಾಡುವುದೆಂದು ಗೊತ್ತಾಗುತ್ತಿರಲಿಲ್ಲ. ಗೆಳೆಯರ ಹತ್ತಿರ ಗೊತ್ತಾಗುತ್ತಿತ್ತು. ನೀನು ಬಾಗಿಲ ಹಿಂದೆ ಕೂತಿರುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕರೆದರೆ ಎದ್ದು ಹೋಗುತ್ತಿ ಎಂದು ಕರೆಯುತ್ತಿರಲಿಲ್ಲ.

ಅದು ಹಾಗಿರಲಿ. ಪಂಪಿನ ವಿಷಯ ನಿನ್ನ ಅಮ್ಮ ಬರೆದದ್ದು ಏನೂ ಉಪಯೋಗವಿಲ್ಲ. ಗಬ್ಬದ ಎಮ್ಮೆಯ ಹಾಗೆ ನರಳುತ್ತಿತ್ತಂತೆ. ಅದರಿಂದ ಯಾರಿಗೆ ಏನು ತಿಳಿಯುತ್ತದೆ? ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತೋ, ಒಂದೇ ಸಮನೆಯೋ? ಒಂದೇ ಸಮನೆಯಾದರೆ ಬೇರಿಂಗು. ಬಿಟ್ಟು ಬಿಟ್ಟಾದರೆ ಪೈಪಿನಲ್ಲಿ ಗಾಳಿ ಸೇರಿರಬೇಕು. ನೀನು ಏನು ಮಾಡಿದೆ?

ಸಮಯವಿದ್ದರೆ ಬರಿ.

ಅಪ್ಪ


ನ್ಯೂಮಾರ್ಕೆಟ್
ಅಕ್ಟೋಬರ್ 1, 2017

ಅಪ್ಪನಿಗೆ,

ಕನ್ನಡ ಬರೆದು ವರ್ಷಗಳಾದವು, ತಪ್ಪಿದ್ದರೆ ತಿದ್ದಿಕೊಳ್ಳಿ. ಕೈ ಮುರಿದದ್ದು ಆರರಲ್ಲಲ್ಲ, ಐದರಲ್ಲಿ. ಉಳಿದದ್ದು ಸರಿ. ಹ್ಯಾಂಬರ್ಗಿನದ್ದು ನನಗೆ ಗೊತ್ತಿರಲಿಲ್ಲ.

ಬೇರಿಂಗೇ. ಒಂದೇ ಸಮನೆ ಸದ್ದು, ಒಳಗೆ ಸಣ್ಣ ಮರಳು ಉಜ್ಜಿದ ಹಾಗೆ. ಟ್ಯಾಂಕಿನ ಸುತ್ತ ತಣ್ಣಗಿನ ನೀರು ಓಡಿಸುವ ಪಂಪು ಅದು. ಬಿಚ್ಚಿ ನೋಡಿದಾಗ ಹೊರಗಿನ ರಿಂಗು ಸವೆದಿತ್ತು. ಬದಲಿಸಿದೆ. ಆದರೆ ತಿಂಗಳೊಳಗೆ ಮತ್ತೆ ಸದ್ದು ಶುರುವಾಗಿದೆ. ಮೋಟರು ಮತ್ತು ಪಂಪಿನ ಶಾಫ್ಟು ನೇರ ಕೂತಿಲ್ಲವೋ ಏನೋ. ಮಿಷನು ತಯಾರಿಸಿದ ಕಂಪೆನಿಯವರು ಸರಿ ಇದೆ ಎನ್ನುತ್ತಾರೆ. ನಿಮಗೆ ಏನನಿಸುತ್ತದೆ?

ಸ್ಕ್ರೂಡ್ರೈವರು ನಿಮ್ಮಿಂದಲೇ ಕಲಿತದ್ದು. ನೀವು ಗ್ರೈಂಡರು ಬಿಚ್ಚುವಾಗ ನಾನು ಅಡುಗೆಮನೆಯ ಕಿಟಕಿಯ ಹೊರಗೆ ನಿಂತಿರುತ್ತಿದ್ದೆ. ನೀವು ಮತ್ತೆ ಹಡಗಿಗೆ ಹೋದ ಮೇಲೆ ಮನೆಯಲ್ಲಿದ್ದ ಎಲ್ಲದಕ್ಕೂ ಸ್ಕ್ರೂಡ್ರೈವರು ಇಟ್ಟು ಕೇಳಿದ್ದೇನೆ. ಫ್ಯಾನು, ನೀರಿನ ಪಂಪು, ಒಂದು ಸಲ ನಿದ್ದೆ ಮಾಡುತ್ತಿದ್ದ ಕಲಾವತಿ ಅತ್ತೆಯ ಬೆನ್ನಿಗೂ.

ಟ್ರೈನಿಂಗು ಬಿಟ್ಟದ್ದು ಯಾಕೆಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ನೀವು ಗೆಳೆಯರ ಮುಂದೆ ಹಡಗಿಗೆ ಹೆದರಿದವನು ಎಂದಿರಿ. ಹಡಗಿಗೆ ಹೆದರಲಿಲ್ಲ ಅಪ್ಪ. ಇಂಜಿನು ನನಗೆ ಇಷ್ಟ, ನಿಮಗಿಂತ ಸ್ವಲ್ಪವೂ ಕಡಿಮೆಯಲ್ಲ. ಸಂಜೆ ಮನೆಗೆ ಬರುವ ಕೆಲಸ ಬೇಕಿತ್ತು. ಅಷ್ಟೇ. ಅದನ್ನು ಹಾಗೆ ಹೇಳಿದ್ದರೆ ನಿಮಗೆ ಬೈದ ಹಾಗಾಗುತ್ತಿತ್ತು.

ಸ್ಟೆಂಟು ಹಾಕಿ ವರ್ಷವಾದರೆ ಸಾಮಾನ್ಯವಾಗಿ ವಿಮಾನಕ್ಕೆ ತೊಂದರೆಯಿಲ್ಲ, ನಿಮ್ಮ ಡಾಕ್ಟರನ್ನು ಕೇಳಿ ಎಂದು ಸ್ಪಂದನಾ ಹೇಳುತ್ತಾಳೆ. ಮೊಣಕಾಲಿಗೆ ಹೊರಡುವ ಕಡೆಯೂ ಇಳಿಯುವ ಕಡೆಯೂ ಗಾಲಿಕುರ್ಚಿ ಸಿಗುತ್ತದೆ. ನಿಜವಾಗಿ ನೋವಿದ್ದರೆ.

ಜಿತೇಶ್


ಮಲ್ಪೆ
ಜನವರಿ 20, 2018

ಜಿತೇಶನಿಗೆ,

ಮೊಣಕಾಲು ನಿಜವಾಗಿಯೂ ನೋಯುತ್ತದೆ. ಆದರೆ ವಿಮಾನ ಹತ್ತದಷ್ಟು ನೋಯುವುದಿಲ್ಲ. ಡಾಕ್ಟರು ಹೋಗಬಹುದು ಎಂದರು. ಪಾಸ್‌ಪೋರ್ಟು ಹೊಸದಾಯಿತು, ಅದರಲ್ಲಿ ಒಂದೂ ಬಂದರಿನ ಮುದ್ರೆಯಿಲ್ಲ, ನೋಡಲು ಬೇಸರ.

ಶಾಫ್ಟು ನೇರವಾಗಿಲ್ಲ ಎನ್ನುವುದು ನಿನ್ನ ಊಹೆ. ನನ್ನ ಊಹೆ ಬೇರೆ. ಪಂಪು ಕೂರಿಸಿದ ಕಬ್ಬಿಣದ ಹಲಗೆಯೇ ಸಡಿಲವಿರಬೇಕು. ಕಾಗದದಲ್ಲಿ ಈ ವಾದ ಮುಗಿಯುವುದಿಲ್ಲ. ನಾನು ಬರುವುದು ಬಿಯರಿಗಲ್ಲ, ಪಂಪು ನೋಡುವುದಕ್ಕೆ ಎಂದು ನಿನ್ನ ಹೆಂಡತಿಗೆ ಹೇಳು. ನಿನ್ನ ಅಮ್ಮ ಮಾತ್ರ ಬಿಯರಿಗೇ ಬರುತ್ತಿದ್ದಾಳೆ. ಇಲ್ಲಿಯ ಬಾಟ್ಲಿಯದ್ದು ರುಚಿ ನೋಡಿ, ಇದೆಂತ ಇದು ನೀರು ಎಂದು ಚೆಲ್ಲಿದಳು.

ಅಪ್ಪ


ನ್ಯೂಮಾರ್ಕೆಟ್
ಜೂನ್ 3, 2018

ಪ್ರೀತಿಯ ಕಲಾವತಿ ಅತ್ತಿಗೆಗೆ,

ನಿಮ್ಮ ತಮ್ಮ ಆರೋಗ್ಯವಾಗಿದ್ದಾರೆ. ಉಪ್ಪು ಕಡಿಮೆಯೇ ಹಾಕುತ್ತಿದ್ದೇನೆ. ಬಂದು ಎರಡು ವಾರವಾಯಿತು, ಮೊದಲಿನ ನಾಲ್ಕು ದಿನ ಅಪ್ಪ ಮಗ ಇಬ್ಬರೂ ನನ್ನ ಮೂಲಕವೇ ಮಾತಾಡಿದರು. "ಅವನಿಗೆ ಚಾ ಬೇಕಾ ಕೇಳು", "ಅಪ್ಪನಿಗೆ ಚಳಿಯಾಗ್ತದಾ ಕೇಳು". ಒಂದೇ ಸೋಫಾದಲ್ಲಿ ಕೂತು. ಕಾಗದದಲ್ಲಿ ಅಷ್ಟು ಬರೆದವರು ಎದುರಿಗೆ ಬಂದಾಗ ಮದುವೆಗೆ ಹೆಣ್ಣು ನೋಡಲು ಬಂದವರ ಹಾಗೆ. ಸ್ಪಂದನಾ, "ಅತ್ತೆ, ಇವರಿಬ್ಬರಿಗೂ ಒಂದೊಂದು ಇನ್‌ಲ್ಯಾಂಡ್ ಲೆಟರ್ ಕೊಡೋಣ" ಎಂದಳು.

ನಿನ್ನೆ ಶನಿವಾರ ಹೀದರಳ ಶೆಡ್ಡಿಗೆ ಹೋದೆವು. ನಾಲ್ಕು ಗ್ಲಾಸಿನ ಹಲಗೆ ಬಂತು. ಇವರು ಒಂದೊಂದನ್ನೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ, ಕಣ್ಣು ಮುಚ್ಚಿ ಮೂಸಿ, ನನ್ನ ಮುಂದೆ ಇಟ್ಟರು. "ಮೂಸಬಾರದು ಎಂದು ಡಾಕ್ಟರು ಹೇಳಿಲ್ಲ" ಎಂದರು. ಜಿತೇಶ ಎಂದಿನ ಹಾಗೆ ನೀರು. ಸ್ಪಂದನಾಳಿಗೆ ಸೇಬಿನ ರಸ. ಹಾಗಾಗಿ ಈ ಮನೆಯಲ್ಲಿ ಕುಡಿಯುವವಳು ಈಗ ನಾನೊಬ್ಬಳೇ. ನೀವು ಊರಿನಲ್ಲಿ ಯಾರಿಗೂ ಹೇಳಬೇಡಿ, ಹೇಳಿದರೂ ಅಡ್ಡಿಯಿಲ್ಲ.

ಆಮೇಲೆ ಅವರಿಬ್ಬರೂ ಎದ್ದು ಒಳಗೆ ಪಂಪು ನೋಡಲು ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಾಟ ಶುರುವಾಯಿತು. ಮೊದಲು ಇವರ ಗಂಟಲು, ಆಮೇಲೆ ಅವನದು, ಅದಕ್ಕಿಂತ ಜೋರು. ಬೆಂಚಿನಲ್ಲಿ ಕೂತವರೆಲ್ಲ ಮಾತು ನಿಲ್ಲಿಸಿ ಆ ಕಡೆ ನೋಡಿದರು. ಒಬ್ಬಾಕೆ ತನ್ನ ಮಗುವನ್ನು ಹತ್ತಿರ ಎಳೆದುಕೊಂಡಳು. ಆರು ವರ್ಷ ಬಾಯಿ ಮುಚ್ಚಿ ಇಟ್ಟುಕೊಂಡದ್ದೆಲ್ಲ ಇಲ್ಲಿ, ಹೊರಗಿನವರ ಮುಂದೆ ಬಿಚ್ಚಿಕೊಂಡಿತು ಎಂದುಕೊಂಡೆ. ಎದ್ದು ಓಡಿದೆ.

ಹೀದರ್ ನನಗಿಂತ ಮುಂಚೆ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಹೋಗಬೇಕೋ ಬೇಡವೋ ಎಂದು ತಿಳಿಯದೆ. ನಾನು ಅವಳ ಹೆಗಲ ಮೇಲಿಂದ ನೋಡಿದೆ. ಇಬ್ಬರೂ ಪಂಪಿನ ಎರಡೂ ಬದಿ ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿದ್ದಾರೆ. ಅಂಗಿ ತುಂಬ ಗ್ರೀಸು. ಸುತ್ತ ಮಿಷನಿನ ಸದ್ದು, ನಡುವೆ ಕಿವಿ ಕೇಳದ ಅಪ್ಪ.

"ನಟ್ಟು ಬಿಗಿಯೇ ಉಂಟು ಅಪ್ಪ."

"ಎಂತ?"

"ನಟ್ಟು ಬಿಗಿ ಉಂಟು ಅಂದೆ. ಹಲಗೆಯೇ ವಾರೆ."

"ನಾನು ಜನವರಿಯಲ್ಲೇ ಬರೆದಿದ್ದೆನಲ್ಲ."

"ನೀವು ಸಡಿಲ ಅಂತ ಬರೆದದ್ದು. ವಾರೆ ಅಂತ ಬರೆಯಲಿಲ್ಲ."

"ಎಂತ?"

ಹೀದರ್ ನನ್ನ ತೋಳು ಹಿಡಿದು, ಜಗಳವಾ ಎಂದು ಕೇಳಿದಳು. ನನ್ನ ಇಂಗ್ಲಿಷು ನಿಮಗೆ ಗೊತ್ತು. "ನೋ ಫೈಟ್" ಎಂದೆ. "ಟಾಕಿಂಗ್."

ನಾವಿಬ್ಬರೂ ಅಲ್ಲೇ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆವು. ಅವಳು ಹೋಗಿ ನನಗೊಂದು ಹುಳಿಯದ್ದು, ತನಗೊಂದು ಕಪ್ಪು ತುಂಬಿಸಿಕೊಂಡು ಬಂದಳು. ಒಳಗೆ ಕೂಗಾಟ ನಡೆದೇ ಇತ್ತು.

ಲೋಲಾಕ್ಷಿ